ಆಟೋಮ್ಯಾಟಿಕ್ ವಾಚಿಗೆ ವೈಂಡರ್ ಕೊಳ್ಳುವ ಮುನ್ನ

ಅಂಗಡಿಯ ಗಾಜಿನ ಹಿಂದೆ ನೀಲಿ ದೀಪದ ಕೆಳಗೆ ನಿಧಾನವಾಗಿ ಸುತ್ತುವ ವಾಚನ್ನು ಕಂಡರೆ ಯಾರಿಗಾದರೂ ಆಸೆಯಾಗುತ್ತದೆ. ವೈಂಡರುಗಳ, ಅಂದರೆ ಕಟ್ಟದೆ ಇಟ್ಟ ಆಟೋಮ್ಯಾಟಿಕ್ ವಾಚನ್ನು ತಿರುಗಿಸಿ ಕೀ ಕೊಡುವ ಪೆಟ್ಟಿಗೆಗಳ, ವ್ಯಾಪಾರ ಹೆಚ್ಚಾಗಿ ಆ ಆಸೆಯಲ್ಲಿಯೇ ಮುಗಿದುಹೋಗುತ್ತದೆ. ಕೊಳ್ಳುವವರು ಮರದ ಹೊಳಪು, ಒಳಗಿನ ಮಖಮಲ್ಲು, ದೀಪ ಇವನ್ನು ನೋಡುತ್ತಾರೆ. ಈ ಪೆಟ್ಟಿಗೆ ದಿನಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಯಾವ ದಿಕ್ಕಿಗೆ ತಿರುಗುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ಕೇಳುವವರು ವಿರಳ. ವೈಂಡರಿನ ಗುಣ ಇರುವುದೇ ಈ ಕೊನೆಯ ಪ್ರಶ್ನೆಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ವಾಚಿಗೆ ಬೇಕಾದಷ್ಟು ಕೀ ಕೊಟ್ಟು, ಉಳಿದ ಹೊತ್ತು ಅದನ್ನು ಅದರ ಪಾಡಿಗೆ ಬಿಡುವ ಯಂತ್ರ ಒಳ್ಳೆಯ ಯಂತ್ರ. ಅದನ್ನು ಗುರುತಿಸುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹಂತ: ನಿಮಗೆ ಇದು ಬೇಕೇ?

ಆಟೋಮ್ಯಾಟಿಕ್ ವಾಚಿನ ಬೆನ್ನಿನ ಕಡೆ ಅರ್ಧಚಂದ್ರದ ಆಕಾರದ ಒಂದು ಭಾರದ ತುಂಡು ಇರುತ್ತದೆ. ಅದೇ ರೋಟರ್. ಕೈ ಆಡಿದಂತೆಲ್ಲ ಅದು ತಿರುಗಿ ಮೇನ್‌ಸ್ಪ್ರಿಂಗನ್ನು ಸುತ್ತುತ್ತದೆ. ಕೈಯಿಂದ ಬಿಚ್ಚಿಟ್ಟ ಮೇಲೆ ಆ ಸ್ಪ್ರಿಂಗಿನಲ್ಲಿ ಉಳಿದಿರುವ ಶಕ್ತಿಯಷ್ಟೇ ಆಧಾರ. ಇಟಿಎ 2824-2 ಎಂಬ ಮೂವ್‌ಮೆಂಟ್ (ವಾಚನ್ನು ಓಡಿಸುವ ಒಳಗಿನ ಯಂತ್ರ) ಇರುವ ವಾಚು ಸುಮಾರು 38 ಗಂಟೆ ಓಡುತ್ತದೆ, ಸೈಕೋದ ಎನ್‌ಎಚ್35 ಸುಮಾರು 41 ಗಂಟೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ನಿಂತಿರುತ್ತದೆ. ರೋಲೆಕ್ಸ್ 3235ರಂಥ ಈಚಿನ ಮೂವ್‌ಮೆಂಟುಗಳು 70 ಗಂಟೆ ತಡೆಯುತ್ತವೆ. ಟಿಸ್ಸೋ ವಾಚುಗಳಲ್ಲಿ ಕಾಣುವ ಪವರ್‌ಮ್ಯಾಟಿಕ್ 80 ಹೆಸರೇ ಹೇಳುವಂತೆ 80 ಗಂಟೆ. ಇಂಥ ವಾಚುಗಳು ವಾರಾಂತ್ಯವನ್ನು ತಾವಾಗಿಯೇ ದಾಟುತ್ತವೆ.

ಇರುವುದು ಒಂದೇ ವಾಚು, ಅದನ್ನು ದಿನವೂ ಕಟ್ಟುತ್ತೀರಿ ಎಂದಾದರೆ ಈ ಲೇಖನವನ್ನು ಇಲ್ಲಿಗೇ ಬಿಡಬಹುದು; ವೈಂಡರಿನ ಹಣವನ್ನು ಮುಂದಿನ ಸರ್ವಿಸಿಗೆ ಎತ್ತಿಡಿ. ಕೈಯಿಂದ ಕೀ ಕೊಡುವ ವಾಚಿಗೆ ರೋಟರೇ ಇಲ್ಲ, ಹಾಗಾಗಿ ವೈಂಡರ್ ಅದಕ್ಕೆ ಏನನ್ನೂ ಮಾಡಲಾರದು. ಬ್ಯಾಟರಿಯ ಕ್ವಾರ್ಟ್ಜ್ ವಾಚಿನ ಮಾತೂ ಅಷ್ಟೇ.

ವೈಂಡರ್ ನಿಜವಾಗಿ ಉಪಯೋಗಕ್ಕೆ ಬರುವ ಸಂದರ್ಭಗಳು ಬೇರೆ. ಮೂರು ನಾಲ್ಕು ಆಟೋಮ್ಯಾಟಿಕ್ ವಾಚುಗಳನ್ನು ಸರದಿಯಂತೆ ಕಟ್ಟುವವರಿಗೆ ಅದು ಅನುಕೂಲ. ಬೆರಳಿನ ಕೀಲು ನೋವಿರುವ ಹಿರಿಯರಿಗೆ ವಾಚಿನ ಪಕ್ಕದ ಸಣ್ಣ ಗುಂಡಿಯಾದ ಕ್ರೌನನ್ನು ಬಿಚ್ಚಿ ತಿರುಗಿಸಿ ಮತ್ತೆ ಬಿಗಿಯುವುದು ಕಷ್ಟ. ಅವರಿಗೆ ವೈಂಡರ್ ದೊಡ್ಡ ಉಪಕಾರ. ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಲೆಂಡರ್ ವಾಚುಗಳು. ತಿಂಗಳ ದಿನಗಳನ್ನೂ ಅಧಿಕ ವರ್ಷವನ್ನೂ ತಾನೇ ಲೆಕ್ಕ ಹಾಕುವ ಪರ್ಪೆಚುಯಲ್ ಕ್ಯಾಲೆಂಡರ್ ಇರುವ ವಾಚು ನಿಂತುಹೋದರೆ ತಾರೀಖು, ವಾರ, ತಿಂಗಳು, ಅಧಿಕ ವರ್ಷದ ಮುಳ್ಳು ಎಲ್ಲವನ್ನೂ ಒಂದೊಂದಾಗಿ ಸರಿಪಡಿಸಬೇಕು. ಚಂದ್ರನ ಕಲೆ ತೋರಿಸುವ ವಾಚಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಹಿಂದಿನ ಹುಣ್ಣಿಮೆ ಎಂದಿತ್ತು ಎಂದು ನೋಡಿ, ಅಲ್ಲಿಂದ ದಿನ ಎಣಿಸಿ ಒತ್ತುತ್ತಾ ಬರಬೇಕು. ಅದರ ಮೇಲೆ, ಸಾಮಾನ್ಯವಾಗಿ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖಿನ ಚಕ್ರ ಹಲ್ಲುಗಳಿಗೆ ಸಿಕ್ಕಿಕೊಂಡಿರುತ್ತದೆ; ಮುಳ್ಳುಗಳು ಆ ಜಾಗದಲ್ಲಿರುವಾಗ ತಾರೀಖನ್ನು ಬಲವಂತವಾಗಿ ತಿರುಗಿಸಿದರೆ ಹಲ್ಲು ಮುರಿಯಬಹುದು. ಇಂಥ ವಾಚನ್ನು ನಿಲ್ಲದಂತೆ ನೋಡಿಕೊಳ್ಳುವುದೇ ಲೇಸು.

ವಾಚನ್ನು ನಿಲ್ಲಲು ಬಿಟ್ಟರೆ ಎಣ್ಣೆ ಗಟ್ಟಿಯಾಗುತ್ತದೆ, ಅದಕ್ಕೇ ವೈಂಡರ್ ಬೇಕು ಎಂಬ ಮಾತನ್ನು ಮಾರಾಟಗಾರರು ಈಗಲೂ ಹೇಳುತ್ತಾರೆ. ಹಿಂದಿನ ಕಾಲದ ಎಣ್ಣೆಗಳ ಮಟ್ಟಿಗೆ ಅದರಲ್ಲಿ ಸತ್ಯವಿತ್ತು. ಇಂದಿನ ಸಿಂಥೆಟಿಕ್ ಎಣ್ಣೆಗಳು ಕೆಲವು ವಾರ ನಿಂತ ಮಾತ್ರಕ್ಕೆ ಕೆಡುವುದಿಲ್ಲ. ವೈಂಡರ್ ಅನುಕೂಲಕ್ಕಾಗಿ ಕೊಳ್ಳುವ ಸಾಧನ. ಅದು ವಾಚಿನ ಆರೋಗ್ಯಕ್ಕೆ ಕೊಡುವ ಔಷಧಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಳೆಯ ಎಚ್‌ಎಂಟಿ ಇಟ್ಟುಕೊಂಡವರಿಗೆ ಒಂದು ಮಾತು

ನಮ್ಮಲ್ಲಿ ಎಷ್ಟೋ ಮನೆಗಳ ಬೀರುವಿನಲ್ಲಿ ಇರುವ ಆಟೋಮ್ಯಾಟಿಕ್ ವಾಚು ಎಂದರೆ ಎಚ್‌ಎಂಟಿ ಕಾಂಚನ್ ಅಥವಾ ರಜತ್. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ತಯಾರಿಕೆ ಮನೆಮನೆಗೆ ತಲುಪಿತ್ತು. ಮದುವೆಯಲ್ಲಿ ವರನಿಗೆ ಕಾಂಚನ್ ಕೊಡುವುದು ಒಂದು ಕಾಲದ ದೊಡ್ಡಸ್ತಿಕೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಅಂದರೆ ಈ ವಾಚುಗಳ ಬಿಡಿಭಾಗಗಳ ಸಂಗ್ರಹ ದಿನೇ ದಿನೇ ಕರಗುತ್ತಿದೆ.

ತಂದೆಯವರ ಕಾಂಚನ್ ಸಿಕ್ಕಿತೆಂದು ಸಂಭ್ರಮದಿಂದ ನೇರವಾಗಿ ವೈಂಡರಿಗೆ ಹಾಕುವುದು ಅದಕ್ಕೆ ಮಾಡುವ ಅನ್ಯಾಯ. ವರ್ಷಗಟ್ಟಲೆ ಡ್ರಾಯರಿನಲ್ಲಿದ್ದ ವಾಚಿನೊಳಗೆ ಎಣ್ಣೆ ಒಣಗಿರುತ್ತದೆ. ಹಾಗೇ ಹಗಲಿರುಳು ಓಡಿಸಿದರೆ ಲೋಹಕ್ಕೆ ಲೋಹ ಉಜ್ಜಿ ಚಕ್ರಗಳ ಅಚ್ಚಿನ ತುದಿಗಳಾದ ಪಿವಟ್‌ಗಳು, ರೋಟರಿನ ಆಧಾರ ಸವೆಯುತ್ತವೆ. ಮೊದಲು ನುರಿತವರ ಕೈಯಲ್ಲಿ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ಆಮೇಲೂ ಅದನ್ನು ಹಬ್ಬಕ್ಕೋ ಸಮಾರಂಭಕ್ಕೋ ಕೈಗೆ ಕಟ್ಟಿಕೊಳ್ಳಿ, ಉಳಿದಂತೆ ವಿಶ್ರಾಂತಿಯಲ್ಲಿರಲಿ. ಬಿಡಿಭಾಗ ಸಿಗದ ವಾಚಿಗೆ ಸವೆತ ಕಡಿಮೆಯಾದಷ್ಟೂ ಆಯುಸ್ಸು ಹೆಚ್ಚು.

ಎರಡನೆಯ ಹಂತ: ವಾಚಿನ ಒಳಗಿರುವುದೇನು ಎಂದು ತಿಳಿಯಿರಿ

ವೈಂಡರ್ ನೋಡಲು ಹೋಗುವ ಮೊದಲು ನಿಮ್ಮ ಪ್ರತಿಯೊಂದು ವಾಚಿನ ಮೂವ್‌ಮೆಂಟಿನ ಹೆಸರು ಬರೆದಿಟ್ಟುಕೊಳ್ಳಿ. ವಾಚಿನ ಜೊತೆ ಬಂದ ಕೈಪಿಡಿಯಲ್ಲಿ, ತಯಾರಕರ ಜಾಲತಾಣದಲ್ಲಿ, ಕೆಲವು ಸಲ ಗಾಜಿನ ಬೆನ್ನಿನೊಳಗೆ ರೋಟರಿನ ಮೇಲೆಯೇ ಅದು ಸಿಗುತ್ತದೆ. ಹೆಸರಿನ ಎದುರು ಎರಡು ಸಂಗತಿ ಬರೆಯಿರಿ. ಒಂದು, ದಿನಕ್ಕೆ ಬೇಕಾದ ಸುತ್ತುಗಳು. ವೈಂಡರುಗಳ ಪೆಟ್ಟಿಗೆಯ ಮೇಲೆ ಟಿಪಿಡಿ (ಟರ್ನ್ಸ್ ಪರ್ ಡೇ) ಎಂದು ಅಚ್ಚಾಗಿರುವುದು ಇದೇ. ಎರಡು, ಸುತ್ತಬೇಕಾದ ದಿಕ್ಕು.

ಬಹುಪಾಲು ವಾಚುಗಳಿಗೆ ದಿನಕ್ಕೆ 650ರಿಂದ 900 ಸುತ್ತು ಸಾಕು. ಇಟಿಎ 2824-2, ರೋಲೆಕ್ಸ್ 3135 ಎರಡೂ ಕಡೆ ತಿರುಗಿದರೂ ಕೀ ಏರುವಂಥವು. 650 ಸುತ್ತು ಅವಕ್ಕೆ ಸಾಮಾನ್ಯವಾಗಿ ಹೇಳುವ ಲೆಕ್ಕ. ಸೈಕೋ 1959ರಲ್ಲಿ ತಂದ ಮ್ಯಾಜಿಕ್ ಲಿವರ್ ವ್ಯವಸ್ಥೆಯೂ ಎರಡೂ ದಿಕ್ಕಿನ ಚಲನೆಯನ್ನು ಬಳಸಿಕೊಳ್ಳುತ್ತದೆ, ಆದ್ದರಿಂದ ಸೈಕೋ 5 ವಾಚಿನವರಿಗೆ ದಿಕ್ಕಿನ ಚಿಂತೆ ಇಲ್ಲ. ಆದರೆ ಸ್ಟಾಪ್‌ವಾಚ್ ಸೌಲಭ್ಯವಿರುವ ಅನೇಕ ಕ್ರೋನೋಗ್ರಾಫ್‌ಗಳಲ್ಲಿರುವ ವಾಲ್ಜೂ 7750 ಒಂದೇ ದಿಕ್ಕಿಗೆ ಕೀ ಏರಿಸಿಕೊಳ್ಳುತ್ತದೆ. ಅದಕ್ಕೆ ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ 800 ಸುತ್ತು ಇಡುತ್ತಾರೆ. ಮಿಯೋಟಾದ 8215 ಮತ್ತು 9015 ಸಹ ಒಂದೇ ದಿಕ್ಕಿನವು.

ಇಲ್ಲಿ ಬಹಳ ಜನ ಎಡವುತ್ತಾರೆ. ಒಂದೇ ದಿಕ್ಕಿನ ವಾಚನ್ನು ಎರಡೂ ಕಡೆ ತಿರುಗುವ ವೈಂಡರಿನಲ್ಲಿಟ್ಟು 800 ಎಂದು ಹೊಂದಿಸಿದರೆ ಅದಕ್ಕೆ ದಕ್ಕುವುದು 400 ಮಾತ್ರ; ಉಳಿದರ್ಧ ವ್ಯರ್ಥ. ಎರಡು ದಿನಕ್ಕೆ ವಾಚು ನಿಲ್ಲುತ್ತದೆ, ದೂರು ವಾಚಿನ ಮೇಲೆ ಬರುತ್ತದೆ.

ದಿಕ್ಕು ಎಲ್ಲಿಯೂ ಸಿಗದಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ವಾಚು ಪೂರ್ತಿ ನಿಲ್ಲಲಿ. ಕ್ರೌನ್ ಮುಟ್ಟದೆ ವೈಂಡರಿನಲ್ಲಿಟ್ಟು ಬರೀ ಪ್ರದಕ್ಷಿಣೆಯ ದಿಕ್ಕಿನಲ್ಲಿ ಕೆಲವು ಗಂಟೆ ತಿರುಗಿಸಿ, ಹೊರಗೆ ತೆಗೆದು ಎಷ್ಟು ಹೊತ್ತು ಓಡಿತು ಎಂದು ನೋಡಿ. ಮತ್ತೆ ನಿಂತ ಮೇಲೆ ಅಷ್ಟೇ ಗಂಟೆ ಅಪ್ರದಕ್ಷಿಣೆಯಾಗಿ ತಿರುಗಿಸಿ. ಎರಡೂ ಸಲ ಹೆಚ್ಚು ಕಡಿಮೆ ಒಂದೇ ಹೊತ್ತು ಓಡಿದರೆ ಎರಡು ದಿಕ್ಕಿನ ವಾಚು. ಒಂದು ಸಲ ಓಡಿ ಇನ್ನೊಂದು ಸಲ ಜೀವವೇ ಬರದಿದ್ದರೆ ಉತ್ತರ ಸಿಕ್ಕಿತು.

ಮೂರನೆಯ ಹಂತ: ವೈಂಡರ್ ನಿಜವಾಗಿ ಎಷ್ಟು ಸುತ್ತುತ್ತದೆ?

ಹೆಚ್ಚು ಸುತ್ತಿದರೆ ಸ್ಪ್ರಿಂಗ್ ಮುರಿಯುತ್ತದೆ ಎಂಬ ಹೆದರಿಕೆ ಬೇಡ. ಆಟೋಮ್ಯಾಟಿಕ್ ವಾಚಿನ ಮೇನ್‌ಸ್ಪ್ರಿಂಗಿನ ಹೊರತುದಿಯನ್ನು ಅದನ್ನು ಒಳಗಿಟ್ಟುಕೊಂಡ ಡಬ್ಬಿಯ, ಅಂದರೆ ಬ್ಯಾರಲಿನ, ಗೋಡೆಗೆ ಕಟ್ಟಿಹಾಕಿರುವುದಿಲ್ಲ. ಪೂರ್ತಿ ಬಿಗಿಯಾದ ಮೇಲೆ ಆ ತುದಿ ಗೋಡೆಯ ಮೇಲೆ ಜಾರಿಕೊಳ್ಳುತ್ತದೆ. ಆದರೆ ಜಾರುವಿಕೆ ಪುಕ್ಕಟೆಯಾಗಿ ನಡೆಯುವುದಿಲ್ಲ. ಅಲ್ಲಿ ಹಚ್ಚಿರುವ ಗ್ರೀಸು ಸವೆಯುತ್ತದೆ, ರೋಟರಿನಿಂದ ಸ್ಪ್ರಿಂಗಿನವರೆಗಿನ ಚಕ್ರಗಳು ಕಾರಣವಿಲ್ಲದೆ ದುಡಿಯುತ್ತವೆ. ಅದಕ್ಕಾಗಿಯೇ ಅಗತ್ಯಕ್ಕಿಂತ ಹೆಚ್ಚು ಸುತ್ತುವ ವೈಂಡರನ್ನು ನಾನು ಕೆಟ್ಟ ವೈಂಡರ್ ಎನ್ನುತ್ತೇನೆ, ಅದರ ಮರ ಎಷ್ಟೇ ಚೆನ್ನಾಗಿರಲಿ.

ಒಳ್ಳೆಯ ವೈಂಡರಿನಲ್ಲಿ ಸುತ್ತಿನ ಸಂಖ್ಯೆಯನ್ನು 50 ಅಥವಾ 100ರ ಅಂತರದಲ್ಲಿ ಬದಲಿಸಬಹುದು. ದಿಕ್ಕಿಗೆ ಪ್ರದಕ್ಷಿಣೆ, ಅಪ್ರದಕ್ಷಿಣೆ, ಎರಡೂ ಎಂಬ ಮೂರು ಆಯ್ಕೆ ಇರುತ್ತವೆ. ವುಲ್ಫ್, ಸ್ವಿಸ್ ಕ್ಯೂಬಿಕ್, ಆರ್ಬಿಟಾ, ರಾಪೋರ್ಟ್ ಮುಂತಾದ ಹೆಸರಾಂತ ತಯಾರಕರ ಯಂತ್ರಗಳಿಗೆ ಹೆಚ್ಚು ಬೆಲೆ ಕೊಡುವಾಗ ನಾವು ಕೊಳ್ಳುವುದು ಮುಖ್ಯವಾಗಿ ಈ ಲೆಕ್ಕದ ಖಚಿತತೆಯನ್ನು. ಅಗ್ಗದ ವೈಂಡರುಗಳಲ್ಲಿ ಸಂಖ್ಯೆಯೇ ಇರುವುದಿಲ್ಲ; ಒಂದು, ಎರಡು, ಮೂರು ಎಂಬ ಗುಂಡಿ ಮಾತ್ರ. ಅಂಥದ್ದನ್ನು ನೀವೇ ಅಳೆಯಬೇಕು, ಅದು ಕಷ್ಟದ ಕೆಲಸವಲ್ಲ.

ವಾಚು ಕೂರಿಸುವ ದಿಂಬಿನ ಅಂಚಿಗೆ ಒಂದು ಚೂರು ಬಣ್ಣದ ಟೇಪು ಅಂಟಿಸಿ. ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಒಂದು ನಿಮಿಷದಲ್ಲಿ ಟೇಪು ಎಷ್ಟು ಸಲ ಮೇಲೆ ಬಂತು ಎಂದು ಎಣಿಸಿ. ನಂತರ ಎಷ್ಟು ನಿಮಿಷ ತಿರುಗಿ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ನಿಮಿಷಕ್ಕೆ 8 ಸುತ್ತು, 2 ನಿಮಿಷ ಓಟ, 8 ನಿಮಿಷ ವಿಶ್ರಾಂತಿ ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ 16 ಸುತ್ತಾಯಿತು. ದಿನದಲ್ಲಿ ಇಂಥ ಹತ್ತು ನಿಮಿಷಗಳು 144, ಗುಣಿಸಿದರೆ 2,304. ಎಂಟು ನಿಮಿಷ ವಿಶ್ರಾಂತಿ ಎಂದು ಕೇಳಿದಾಗ ಮೃದುವಾಗಿ ಕಂಡ ಯಂತ್ರ ವಾಚಿಗೆ ಬೇಕಾದ್ದಕ್ಕಿಂತ ಮೂರು ಪಟ್ಟು ಸುತ್ತುತ್ತಿದೆ!

ಇಂಥ ವೈಂಡರ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ. ಗೋಡೆಯ ಸಾಕೆಟ್ಟಿಗೂ ಅಡಾಪ್ಟರಿಗೂ ನಡುವೆ ಟೈಮರ್ ಪ್ಲಗ್ ಹಾಕಿ. ದಿನಕ್ಕೆ 7 ಗಂಟೆ ಮಾತ್ರ ವಿದ್ಯುತ್ ಬರುವಂತೆ ಹೊಂದಿಸಿದರೆ 42 ಹತ್ತು ನಿಮಿಷಗಳು, ಅಂದರೆ 672 ಸುತ್ತು. ಇಟಿಎ 2824ಗೆ ಹೇಳಿ ಮಾಡಿಸಿದ ಲೆಕ್ಕ. ವಿದ್ಯುತ್ ಬಂದೊಡನೆ ವೈಂಡರ್ ತಾನಾಗಿಯೇ ಶುರುವಾಗಬೇಕು ಎಂಬುದೊಂದೇ ಷರತ್ತು.

ನಾಲ್ಕನೆಯ ಹಂತ: ಅಂಗಡಿಯಲ್ಲಿ ಯಂತ್ರವನ್ನು ಪರೀಕ್ಷಿಸುವುದು

ಸಾಧ್ಯವಾದರೆ ನಿಮ್ಮಲ್ಲಿರುವ ಅತಿ ಭಾರದ ವಾಚನ್ನೇ ಕಟ್ಟಿಕೊಂಡು ಹೋಗಿ. ಸ್ಟೀಲ್ ಚೈನಿನ ಡೈವರ್ ವಾಚು ಇದ್ದರೆ ಅದು. ಖಾಲಿ ದಿಂಬನ್ನು ಯಾವ ಮೋಟಾರಾದರೂ ತಿರುಗಿಸುತ್ತದೆ. ಭಾರ ಒಂದು ಬದಿಗೆ ವಾಲಿದಾಗ ದುರ್ಬಲ ಮೋಟಾರು ಮೇಲೇರುವಾಗ ಮುಗ್ಗರಿಸುತ್ತದೆ, ಇಳಿಯುವಾಗ ಧಡಕ್ಕನೆ ಜಾರುತ್ತದೆ. ಐದು ನಿಮಿಷ ಕಣ್ಣಿಟ್ಟು ನೋಡಿ. ಇಡೀ ಸುತ್ತು ಒಂದೇ ವೇಗದಲ್ಲಿ ಸಾಗಬೇಕು. ಜಪಾನಿನ ಮಬುಚಿ ಮೋಟಾರು ಇದೆ ಎಂದು ಅನೇಕ ಪೆಟ್ಟಿಗೆಗಳ ಮೇಲೆ ಬರೆದಿರುತ್ತದೆ. ಒಳ್ಳೆಯ ಹೆಸರೇ, ಆದರೆ ಪೆಟ್ಟಿಗೆಯ ಮೇಲಿನ ಬರಹಕ್ಕಿಂತ ಈ ಐದು ನಿಮಿಷದ ನೋಟವನ್ನು ನಂಬಿ.

ದಿಂಬು ಎಷ್ಟು ಓರೆಯಾಗಿದೆ ಎಂಬುದು ಮುಂದಿನ ವಿಚಾರ. ರೋಟರ್ ಕೆಳಕ್ಕೆ ತೂಗಿ ನಿಂತು, ಅದರ ಸುತ್ತ ವಾಚು ತಿರುಗಿದಾಗ ಕೀ ಏರುತ್ತದೆ. ಕೆಲಸ ಮಾಡುವುದು ಗುರುತ್ವಾಕರ್ಷಣೆ. ಡಯಲ್ ಆಕಾಶ ನೋಡುವಂತೆ ವಾಚು ಅಂಗಾತ ಮಲಗಿದ್ದರೆ ರೋಟರೂ ವಾಚಿನ ಜೊತೆಯಲ್ಲೇ ತಿರುಗಿ, ಸುತ್ತಿದ್ದೆಲ್ಲ ನೀರಿನಲ್ಲಿ ಹೋಮ. ಡಯಲ್ ನಿಮ್ಮ ಕಡೆಗೆ ನೇರವಾಗಿ ನಿಂತಿರುವ ಅಥವಾ ಸ್ವಲ್ಪ ಮಾತ್ರ ಹಿಂದಕ್ಕೆ ವಾಲಿರುವ ವಿನ್ಯಾಸವೇ ಒಳ್ಳೆಯದು.

ದಿಂಬಿನ ಗಾತ್ರವನ್ನು ಯಾರೂ ಕೇಳುವುದಿಲ್ಲ, ಮನೆಗೆ ಬಂದ ಮೇಲೆ ಅದೇ ದೊಡ್ಡ ತಲೆನೋವಾಗುತ್ತದೆ. ಮಣಿಕಟ್ಟು ಸಣ್ಣಗಿರುವವರ ಚೈನನ್ನು ದಪ್ಪ ದಿಂಬಿಗೆ ತುರುಕಿದರೆ ಕೊಂಡಿಗಳು ಎಳೆಯಲ್ಪಡುತ್ತವೆ, ಚರ್ಮದ ಪಟ್ಟಿ ಬಿರಿಯುತ್ತದೆ. ತೀರಾ ಸಡಿಲವಾದರೆ ವಾಚು ತಿರುಗುವಾಗ ಜಾರಿ ಪಕ್ಕದ ಗೋಡೆಗೆ ಉಜ್ಜುತ್ತದೆ. ಒಳಗೆ ಸ್ಪ್ರಿಂಗ್ ಇದ್ದು ಒತ್ತಿದರೆ ಕುಗ್ಗುವ, ಬಿಟ್ಟರೆ ಹಿಗ್ಗುವ ದಿಂಬು ಅತ್ಯುತ್ತಮ. ಇಲ್ಲವೇ ಎರಡು ಗಾತ್ರದ ದಿಂಬು ಕೊಡುವ ತಯಾರಕರನ್ನು ಹುಡುಕಿ.

ಮೋಟಾರಿನ ಅಯಸ್ಕಾಂತ ವಾಚನ್ನು ಕೆಡಿಸುತ್ತದೆ ಎಂಬ ಭಯ ಅರ್ಧ ನಿಜ. ವಾಚಿನ ವೇಗವನ್ನು ಹಿಡಿದಿಡುವ ಸಣ್ಣ ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ಕಾಂತತ್ವ ಅಂಟಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗುತ್ತದೆ. ಆದರೆ ಐಎಸ್‌ಒ 764 ಮಾನದಂಡದಂತೆ ಕಾಂತತ್ವ ತಡೆಯುವ ವಾಚು ಮೀಟರಿಗೆ 4,800 ಆಂಪಿಯರ್ ಕಾಂತಕ್ಷೇತ್ರವನ್ನು ತಾಳಿಕೊಳ್ಳಬೇಕು. ಮೊಬೈಲಿನಲ್ಲಿ ಕಾಂತಕ್ಷೇತ್ರ ಅಳೆಯುವ ಆ್ಯಪ್‌ಗಳ ಭಾಷೆಯಲ್ಲಿ ಅದು ಸುಮಾರು 6,000 ಮೈಕ್ರೋಟೆಸ್ಲಾ. ನಮ್ಮ ಕಡೆ ಭೂಮಿಯದೇ ಕಾಂತಕ್ಷೇತ್ರ 40ರ ಆಸುಪಾಸು. ದಿಂಬಿನ ಜಾಗದಲ್ಲಿ ಮೊಬೈಲ್ ಹಿಡಿದಾಗ ನೂರಿನ್ನೂರು ತೋರಿಸಿದರೆ ಗಾಬರಿಯಾಗುವಂಥದ್ದೇನಿಲ್ಲ. ನಾನು ಹೆಚ್ಚು ಎಚ್ಚರ ವಹಿಸುವುದು ಮುಚ್ಚಳದ ಚಿಲಕದ ಬಗ್ಗೆ. ಟಪ್ಪೆಂದು ಅಂಟಿಕೊಳ್ಳುವ ಬಲವಾದ ಅಯಸ್ಕಾಂತವನ್ನು ಮುಚ್ಚಳದಲ್ಲಿ ಕೂರಿಸಿ ಅದರ ಪಕ್ಕದಲ್ಲೇ ವಾಚಿಡುವ ವಿನ್ಯಾಸಗಳಿವೆ. ಅಂಥದ್ದು ಬೇಡ.

ಸದ್ದಿನ ವಿಷಯ ಸರಳ. ಅಂಗಡಿಯ ಗದ್ದಲದಲ್ಲಿ ಎಲ್ಲ ವೈಂಡರೂ ಮೌನಿಯೇ. ಮರದ ಮೇಜಿನ ಮೇಲಿಟ್ಟು ಮೇಜಿಗೇ ಕಿವಿ ಹಚ್ಚಿ ಕೇಳಿ. ಕಟಕಟ ಕೇಳಿಸಿದರೆ ಮಲಗುವ ಕೋಣೆಗೆ ಅದು ಬರಬಾರದು.

ವಿದ್ಯುತ್ತಿನ ಪರೀಕ್ಷೆಯನ್ನು ತಪ್ಪದೆ ಮಾಡಿ. ವೈಂಡರಿಗೆ 750 ಸುತ್ತು, ಪ್ರದಕ್ಷಿಣೆ ಎಂದು ಹೊಂದಿಸಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಹೊಂದಿಸಿದ್ದು ಹಾಗೇ ಉಳಿದಿದೆಯೇ? ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಪ್ರತಿ ಸಲ ಮೊದಲಿನ ಸ್ಥಿತಿಗೆ ಮರಳುವ ಯಂತ್ರದಿಂದ ಪ್ರಯೋಜನವಿಲ್ಲ. ಟಚ್ ಪರದೆಗಿಂತ ಕೈಯಿಂದ ತಿರುಗಿಸುವ ಗುಂಡಿ ಈ ವಿಷಯದಲ್ಲಿ ಮೇಲು. ಅಡಾಪ್ಟರ್ ಮೇಲೆ 100-240 ವೋಲ್ಟ್, 50/60 ಹರ್ಟ್ಜ್ ಎಂದಿರಲಿ, ಬಿಐಎಸ್ ನೋಂದಣಿ ಗುರುತಿರಲಿ. ವಿದೇಶದಿಂದ ನೆಂಟರ ಕೈಯಲ್ಲಿ ತರಿಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಯುಎಸ್‌ಬಿ ವೈಂಡರನ್ನು ಪವರ್ ಬ್ಯಾಂಕಿನಿಂದ ಓಡಿಸುತ್ತೇನೆ ಎಂದುಕೊಂಡವರಿಗೆ ಒಂದು ಸೂಚನೆ: ವೈಂಡರ್ ಎಳೆಯುವ ವಿದ್ಯುತ್ ಬಹಳ ಕಡಿಮೆ, ಏನೂ ಜೋಡಿಸಿಲ್ಲವೆಂದು ಭಾವಿಸಿ ಹಲವು ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ.

ಕರಾವಳಿಯವರು ಮತ್ತು ಮಲೆನಾಡಿನವರು ಪೆಟ್ಟಿಗೆಯ ವಸ್ತುವನ್ನೂ ನೋಡಬೇಕು. ಕೃತಕ ಚರ್ಮದ ಹೊದಿಕೆ ಮಂಗಳೂರಿನ ಸೆಕೆಯಲ್ಲಿ ಕೆಲವೇ ವರ್ಷಗಳಲ್ಲಿ ಚಕ್ಕೆ ಏಳುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಮಳೆಗಾಲಕ್ಕೆ ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಆಗಾಗ ಬದಲಿಸಿ. ಮುಚ್ಚಳ ತೆರೆದಾಗ ಅಂಟಿನ ವಾಸನೆ ಮೂಗಿಗೆ ಹೊಡೆದರೆ ಆ ಪೆಟ್ಟಿಗೆಯನ್ನು ಕೊಳ್ಳಬೇಡಿ.

ಎರಡು, ನಾಲ್ಕು, ಆರು ವಾಚಿನ ವೈಂಡರ್ ಕೊಳ್ಳುವುದಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಪ್ರತಿ ದಿಂಬಿಗೂ ಬೇರೆ ಮೋಟಾರು, ಬೇರೆ ಹೊಂದಾಣಿಕೆ ಇದೆಯೇ? ವಾಲ್ಜೂ 7750 ಮತ್ತು ಸೈಕೋ ಒಂದೇ ಲೆಕ್ಕದಲ್ಲಿ ತಿರುಗಬೇಕಾದರೆ ಒಂದಕ್ಕೆ ಕೊರತೆ ಅಥವಾ ಇನ್ನೊಂದಕ್ಕೆ ಅತಿಯಾಗುವುದು ಖಂಡಿತ. ಅಂಥ ನಾಲ್ಕಕ್ಕಿಂತ ಚೆನ್ನಾದ ಒಂದೇ ದಿಂಬಿನ ವೈಂಡರ್ ಮೇಲು.

ಐದನೆಯ ಹಂತ: ಮನೆಗೆ ತಂದ ಮೇಲೆ

ವೈಂಡರ್ ಇರುವುದು ಕೀ ಉಳಿಸಿಕೊಳ್ಳಲು. ನಿಂತ ವಾಚನ್ನು ನೇರವಾಗಿ ಅದರಲ್ಲಿಡದೆ ಮೊದಲು ಕ್ರೌನಿನಿಂದ 20-30 ಸುತ್ತು ಕೀ ಕೊಡಿ, ಸಮಯ ತಾರೀಖು ಹೊಂದಿಸಿ, ಕ್ರೌನನ್ನು ಪೂರ್ತಿ ಒಳಕ್ಕೆ ಒತ್ತಿ ಬಿಗಿಯಿರಿ. ಹಳೆಯ ಸೈಕೋ 5ಗಳಲ್ಲಿರುವ 7ಎಸ್26ಕ್ಕೆ ಕೈಯಿಂದ ಕೀ ಕೊಡುವ ಸೌಲಭ್ಯವಿಲ್ಲ. ಅದನ್ನು ಅರ್ಧ ನಿಮಿಷ ಮೃದುವಾಗಿ ಆಡಿಸಿ ಚಾಲೂ ಮಾಡಿ, ಸಾಧ್ಯವಾದರೆ ಒಂದು ದಿನ ಕೈಗೆ ಕಟ್ಟಿ ನಂತರ ವೈಂಡರಿಗೆ ಹಾಕಿ.

650ರಿಂದ ಆರಂಭಿಸಿ, ಮೂರು ದಿನ ಬಿಡಿ. ಆಮೇಲೆ ವಾಚನ್ನು ಹೊರತೆಗೆದು ಡಯಲ್ ಮೇಲಾಗಿ ಮೇಜಿನ ಮೇಲೆ ಅಲುಗಾಡಿಸದೆ ಇಟ್ಟು ಗಂಟೆ ಗುರುತು ಹಾಕಿಕೊಳ್ಳಿ. ಯಾವಾಗ ನಿಂತಿತು? ಎನ್‌ಎಚ್35 ಆಗಿದ್ದು 15 ಗಂಟೆಗೇ ನಿಂತರೆ ಸುತ್ತು ಸಾಲದು, 100 ಏರಿಸಿ. 30 ಗಂಟೆ ದಾಟಿದರೆ ಧಾರಾಳ ಸಾಕು. 40ರ ಹತ್ತಿರ ಬಂದರೆ ಸ್ಪ್ರಿಂಗ್ ಸದಾ ತುಂಬಿಯೇ ಇದೆ ಎಂದರ್ಥ. 50ರಿಂದ 100 ಇಳಿಸಿ ಮತ್ತೆ ನೋಡಿ. ವಾಚು ಸಮಯ ತಪ್ಪದೆ ಓಡುವ ಕನಿಷ್ಠ ಸಂಖ್ಯೆ ಸಿಕ್ಕಿದಾಗ ಒಂದು ಚೀಟಿಯಲ್ಲಿ ಬರೆದು ವೈಂಡರಿನ ಹಿಂಬದಿಗೆ ಅಂಟಿಸಿ. ಪ್ರತಿ ವಾಚಿಗೂ ಇದನ್ನು ಒಂದೇ ಸಲ ಮಾಡಿದರೆ ಮುಗಿಯಿತು.

ನೆನಪಿಡಬೇಕಾದ ಇನ್ನೊಂದು ವಿಷಯ, ವೈಂಡರಿನಲ್ಲಿರುವ ವಾಚು ಸದಾ ದುಡಿಯುತ್ತಿರುತ್ತದೆ. ಕಟ್ಟಿದ್ದೇ ಇಲ್ಲವಲ್ಲ ಎಂದು ಸರ್ವಿಸ್ ಮುಂದೂಡಬೇಡಿ. ತಯಾರಕರು ಹೇಳಿದ ಅವಧಿ ಅದಕ್ಕೂ ಅನ್ವಯಿಸುತ್ತದೆ. ತಿಂಗಳಿಗೊಮ್ಮೆ ವಾಚನ್ನು ತೆಗೆದು ಒಣ ಬಟ್ಟೆಯಿಂದ ಒರೆಸಿ, ದಿಂಬಿನ ಮೇಲೆ ಕೂತ ದೂಳನ್ನು ಬ್ರಷ್ಷಿನಿಂದ ಕೊಡವಿ. ಹದಿನೈದು ದಿನ ಊರಿಗೆ ಹೋಗುವುದಿದ್ದರೆ ಸಾಮಾನ್ಯ ಮೂರು ಮುಳ್ಳಿನ ವಾಚಿನ ವೈಂಡರನ್ನು ಆಫ್ ಮಾಡಿ ವಾಚನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ವಾಪಸು ಬಂದ ಮೇಲೆ ಕೀ ಕೊಡಲು ಎರಡು ನಿಮಿಷ ಸಾಕು. ಪರ್ಪೆಚುಯಲ್ ಕ್ಯಾಲೆಂಡರ್ ಇದ್ದರೆ ಮಾತ್ರ, ಬ್ಯಾಟರಿಯಿಂದಲೂ ಓಡುವ ವೈಂಡರಿಗೆ ಹೊಸ ಸೆಲ್ಲು ಹಾಕಿ, ಹೊರಡುವ ಮೊದಲು ಪ್ಲಗ್ ಕಿತ್ತು ಅದು ಸೆಲ್ಲಿನ ಮೇಲೆ ತಿರುಗುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ.